ಕುಬಸದ ತೋಳು ಮತ್ತು ಕೊಪ್ಪಳದ ಕೋರ್ಟು

ನನ್ನ ಬಲಗೈ ಈಗ ಕಿವಿಯ ಮಟ್ಟದವರೆಗೆ ಏಳುತ್ತದೆ. ಅಲ್ಲಿಂದ ಮೇಲೆ ಎಷ್ಟು ಗೋಗರೆದರೂ ಏಳದು. ಸೆರಗು ಸರಿಪಡಿಸಿಕೊಳ್ಳಲು, ಕರಿಹಲಗೆಯ ಕೆಳಗಿನ ಅರ್ಧ ತುಂಬಿಸಲು, ಮಾತು ಕೇಳದ ಮಗಳ ಕಿವಿ ಹಿಂಡಲು ಅಷ್ಟು ಸಾಕು. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಲ್ಲಲು ಮಾತ್ರ ಆಗುವುದಿಲ್ಲ. ಯಾರಾದರೂ ಸೀಟು ಬಿಟ್ಟುಕೊಟ್ಟರೆ ಸಂಕೋಚವಿಲ್ಲದೆ ಕೂತುಬಿಡುತ್ತೇನೆ. ಸಂಕೋಚ ಪಡಬೇಕಾದ ಸಂಗತಿಗಳು ನನ್ನ ಪಾಲಿಗೆ ಬೇರೆ ಇವೆ.

ಮೊನ್ನೆ ಕುಷ್ಟಗಿಯಲ್ಲಿ ಶಿಕ್ಷಕರ ತರಬೇತಿ ಇತ್ತು. ಪಕ್ಕದಲ್ಲಿ ಕೂತಿದ್ದ ಚಿಕ್ಕ ವಯಸ್ಸಿನ ಅಕ್ಕೋರು ಒಂದೇ ಸಮನೆ ಭುಜ ಒತ್ತಿಕೊಳ್ಳುತ್ತಿದ್ದರು. ಕೇಳಿದೆ. "ಸೂಜಿ ಹಾಕಿಸ್ಕೊಂಡ ಮ್ಯಾಲ ಹಿಂಗಾಗೈತ್ರಿ. ಸೂಜಿಗೆ ಯಾರಿಗರೆ ಕೈ ಹೋಗತೈತೇನು ಅಂತ ಮನ್ಯಾಗ ನಗ್ತಾರ" ಎಂದು ಕಣ್ಣು ತುಂಬಿಕೊಂಡರು. ನಾನು ನಗಲಿಲ್ಲ. ಊಟದ ಬಿಡುವಿನಲ್ಲಿ ಅವರನ್ನು ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋಗಿ ನನ್ನ ಕಥೆ ಹೇಳಿದೆ. ಅಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಅವರಂಥವರು ಇನ್ನೂ ಇದ್ದಾರು ಎಂದು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಮಂಗಳೂರಿನ ಕಡೆಗೆ ವರ್ಗವಾಗಿದೆ ಎಂದಾಗ ಗಂಗಾವತಿಯ ನಮ್ಮ ಓಣಿಯ ಹೆಂಗಸರು ನನಗೆ ಸಮುದ್ರ ನೋಡುವ ಯೋಗ ಬಂತೆಂದು ಸಂಭ್ರಮಪಟ್ಟಿದ್ದರು. ಅದು ಯಲಬುರ್ಗಾ ತಾಲ್ಲೂಕಿನ ಮಂಗಳೂರು, ಅಲ್ಲಿ ಎರೆಹೊಲಗಳೇ ಸಮುದ್ರ ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. ನನ್ನ ಶಾಲೆ ಅಲ್ಲಿಂದಲೂ ಒಳಗಿನ ಒಂದು ಸಣ್ಣ ಊರಿನಲ್ಲಿತ್ತು. ನಮ್ಮನೆಯವರು ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾದ್ದರಿಂದ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಊರಲ್ಲಿ ನನಗೆ ಜೊತೆಯೆಂದರೆ ಅತ್ತೆ. ಗೋಡೆಗೆ ಗೋಡೆ ಹತ್ತಿದ ಮನೆಯ ಸೊಸೆ ರೇಣವ್ವ ಹೊಸದಾಗಿ ಮದುವೆಯಾಗಿ ಬಂದವಳು. ನನ್ನ ಹತ್ತಿರ ಕೂತು ತನ್ನ ಹೆಸರು ಬರೆಯಲು ಕಲಿತಿದ್ದಳು.

ನನಗೆ ಮದುವೆಯಾಗಿ ಬಹಳ ವರ್ಷಗಳ ನಂತರ ನಿಂತ ಬಸಿರು ಅದು. ಏಳನೆಯ ತಿಂಗಳಲ್ಲಿ ತವರಿನವರು ಬಂದು ಕುಬಸ ಮಾಡಿದರು. ಹಸಿರು ಸೀರೆ ಉಡಿಸಿ, ಖಣದ ಹೊಸ ಕುಪ್ಪಸ ತೊಡಿಸಿ, ಕೈತುಂಬ ಹಸಿರು ಬಳೆ ಇಡಿಸಿ ಆರತಿ ಬೆಳಗಿದರು. ಮೊಣಕೈಯವರೆಗೆ ಬಿಗಿಯಾಗಿ ಕೂತ ತೋಳಿನ ಕುಪ್ಪಸ ಅದು. ತೋಳು ಸಡಿಲ ಹೊಲಿಸಿದರೆ ನಮ್ಮಲ್ಲಿ ಸಿಂಪಿಗನಿಗೂ ಬೈಗುಳ, ತೊಟ್ಟವಳಿಗೂ ಬೈಗುಳ.

ಅದೇ ವಾರ ಕಮಲಾಬಾಯಿ ನರ್ಸಬಾಯಿ ಬಸುರಿಯರಿಗೆ ಧನುರ್ವಾಯುವಿನ ಸೂಜಿ ಹಾಕಲು ಬಂದರು. ಹೆಗಲಿಗೆ ಚೀಲ ತೂಗಿಸಿಕೊಂಡು, ಬಸ್ಸಿಲ್ಲದ ಊರುಗಳಿಗೆ ನಡೆದೇ ಹೋಗುತ್ತಿದ್ದ ಹೆಂಗಸು. ಸೂಜಿ ಅಂದರೆ ಊರಿಗೆ ಊರೇ ಓಡಿಹೋಗುತ್ತಿದ್ದ ಕಾಲ. ಮಕ್ಕಳಾಗದಂತೆ ಮಾಡುವ ಸೂಜಿ ಅದು ಎಂಬ ಸುದ್ದಿ ಬೇರೆ. "ಅಕ್ಕೋರ, ನೀವ ಮೊದಲು ಹಾಕಿಸ್ಕೊಂಡ್ರ ಉಳಿದವರು ಬರ್ತಾರ್ರಿ" ಎಂದರು ಕಮಲಾಬಾಯಿ. ನನಗೂ ಹುರುಪು. ಶಾಲೆಯ ಕಟ್ಟೆಯ ಮೇಲೆ ಎಲ್ಲರೆದುರು ಕುರ್ಚಿ ಹಾಕಿಸಿಕೊಂಡು ಮದುಮಗಳಂತೆ ಕೂತೆ.

ಕಮಲಾಬಾಯಿ ಎಡತೋಳು ಕೇಳಿದರು. ನಾನು ಬಲತೋಳು ಮುಂದೆ ಮಾಡಿದೆ. ಕುಬಸ ಆದ ಬಸುರಿ, ಊರೆಲ್ಲ ನೋಡುತ್ತಿರುವಾಗ, ಮೊದಲ ಕೆಲಸಕ್ಕೆ ಎಡಗೈ ಚಾಚುವುದು ಹೇಗೆ? ಕುಪ್ಪಸದ ತೋಳು ಮೇಲೆ ಸರಿಯಲಿಲ್ಲ. ಕುಪ್ಪಸದ ಗಂಟು ಬಿಚ್ಚಿ ತೋಳನ್ನು ಹೊರಗೆ ತೆಗೆಯಬೇಕಾಗಿತ್ತು. ಅಲ್ಲೇ ಕಟ್ಟೆಯ ಆ ತುದಿಗೆ ಪಂಚಾಯಿತಿಯ ಹಿರಿಯರು ಎಲೆಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು. ನಾನು ಕುಪ್ಪಸದ ಕೊರಳಂಚು ಹಿಡಿದು ಭುಜದ ಮೇಲಿಂದ ಒಂದಿಷ್ಟು ಕೆಳಗೆ ಜಗ್ಗಿದೆ.

"ಇನ್ನೊಂದೀಟು ಕೆಳಗ ಬೇಕ್ರಿ, ಅಕ್ಕೋರ."

"ಇಷ್ಟು ಮಂದ್ಯಾಗ ಎಷ್ಟ ಇಳಸ್ಲಿ? ಇಲ್ಲೇ ಹಾಕ್ರಿ."

ಅವರು ಹಾಕಿದರು. ಭುಜದ ಉಬ್ಬಿನ ಮೇಲೆ, ಎಲುಬು ಕೈಗೆ ಹತ್ತುವ ಕಡೆ. ಸೂಜಿ ಯಾವುದಕ್ಕೋ ತಾಗಿದಂತಾಗಿ ಬೆರಳಿನವರೆಗೆ ಝಲ್ ಎಂದಿತು. ನಾನು ಮಾತ್ರ ಹಲ್ಲು ಕಚ್ಚಿಕೊಂಡು ನಕ್ಕೆ. ನನ್ನ ನಗು ನೋಡಿ ಸರದಿಯಲ್ಲಿದ್ದ ಬಸುರಿಯರೆಲ್ಲ ಬಂದು ಹಾಕಿಸಿಕೊಂಡರು.

ಮರುದಿನ ಎಲ್ಲರಿಗೂ ಕೈ ನೋವಿತ್ತು. ವಾರದೊಳಗೆ ಎಲ್ಲರದೂ ಹೋಯಿತು, ನನ್ನದು ಉಳಿಯಿತು. ಸೀಮೆಸುಣ್ಣ ಹಿಡಿದು ಕೈ ಎತ್ತಿದರೆ ಭುಜದೊಳಗೆ ಗಾಜಿನ ಚೂರು ಹೊರಳಿದಂತಾಗುತ್ತಿತ್ತು. ಬಸುರಿಗೆ ನೋವಿನ ಗುಳಿಗೆ ಕೊಡುವುದಿಲ್ಲ ಎಂದರು ಡಾಕ್ಟರು. ಅತ್ತೆ ಉಪ್ಪಿನ ಗಂಟು ಕಾಯಿಸಿ ಶಾಖ ಕೊಟ್ಟರು, ದೃಷ್ಟಿ ತೆಗೆದರು. ಅಷ್ಟು ಮಂದಿ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಕ್ಕೆ ಕಣ್ಣು ಬಿದ್ದಿದೆ ಎಂದು ಅವರ ಖಚಿತ ಅಭಿಪ್ರಾಯ. ಕೀಲು ಕೂಡಿಸುವ ಅಜ್ಜನೊಬ್ಬ ಬಂದು ಎಳೆದಾಗ ನಾನು ಕೂಗಿದ ಕೂಗಿಗೆ ಶಾಲೆಯ ಮಕ್ಕಳು ಹೊರಗೆ ಬಂದು ನಿಂತರು. ಆಮೇಲೆ ಕೈ ಸೊಂಟದಿಂದ ಮೇಲೆ ಏಳುವುದೇ ನಿಂತಿತು.

ಮಗಳು ಹುಟ್ಟಿದಳು. ಅವಳನ್ನು ತೊಟ್ಟಿಲಿಗೆ ಹಾಕಲು ನನ್ನಿಂದ ಆಗಲಿಲ್ಲ, ತೊಟ್ಟಿಲಿನಿಂದ ಎತ್ತಲೂ ಆಗಲಿಲ್ಲ. ಮೊಣಕಾಲು ಹಿಡಿದುಹೋದ ಅತ್ತೆ ಬಚ್ಚಲಿನಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ ಎರೆಯುತ್ತಿದ್ದರು. ಏಳುವಾಗ ಗೋಡೆ ಹಿಡಿದು ಶಿವಶಿವಾ ಎನ್ನುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಕುಂತು ಉಣ್ಣುವ ಸೊಸೆ ಎಂದು ಅವರು ಒಂದು ದಿನವಾದರೂ ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಪುಣ್ಯಾತಗಿತ್ತಿ ಅನ್ನಲಿಲ್ಲ. ನನ್ನ ತಲೆ ಬಾಚಲು ಮಾತ್ರ ಅವರ ಕಣ್ಣು ನಡೆಯುತ್ತಿರಲಿಲ್ಲ, ಅದಕ್ಕೆ ರೇಣವ್ವ ಬರುತ್ತಿದ್ದಳು. ದಿನಾ ಮುಂಜಾನೆ ನನ್ನ ಹಿಂದೆ ಕೂತು ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಹೆರಳು ಹಾಕುವಳು. ನನ್ನ ಕೈಯನ್ನು ಅಷ್ಟು ಹತ್ತಿರದಿಂದ, ಅಷ್ಟು ದಿನ ನೋಡಿದವರು ಬೇರೆ ಯಾರೂ ಇಲ್ಲ.

ಕೊನೆಗೆ ನಮ್ಮನೆಯವರು ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ದೊಡ್ಡ ದವಾಖಾನೆಯ ಎಲುಬಿನ ವಿಭಾಗದ ಹೊರಗೆ ಉದ್ದನೆಯ ಬೆಂಚು, ಅದರ ತುಂಬ ಬಿದ್ದವರು, ಮುರಿದುಕೊಂಡವರು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಒಬ್ಬ ಮುದುಕಿ "ನಿನಗೇನಾಗೈತವಾ?" ಎಂದಳು. "ಸೂಜಿ" ಎಂದೆ. ಬೆಂಚು ಪೂರ್ತಿ ನನ್ನ ಕಡೆ ತಿರುಗಿತು. ಎತ್ತು ಹಾಯ್ದವರ, ಬಾವಿಗೆ ಬಿದ್ದವರ ನಡುವೆ ಸೂಜಿ ಚುಚ್ಚಿಸಿಕೊಂಡ ನಾನು ಮೋಸ ಮಾಡಿ ಬಂದವಳಂತೆ ಮುದುಡಿ ಕೂತೆ. ಮುದುಕಿ ಮಾತ್ರ "ಮುಳ್ಳು ಚುಚ್ಚಿ ಕಾಲು ತೆಗಿಸ್ಕೊಂಡವರು ನಮ್ಮೂರಾಗ ಅದಾರ. ಸಣ್ಣದು ಅಂತ ಅನಬಾರದು" ಎಂದು ತನ್ನ ಬುತ್ತಿಯ ರೊಟ್ಟಿ ಮುರಿದು ಕೊಟ್ಟಳು. ಅಲ್ಲಿಯವರೆಗೆ ನನ್ನ ನೋವನ್ನು ಯಾರೂ ಇಷ್ಟು ಸರಳವಾಗಿ ಒಪ್ಪಿಕೊಂಡಿರಲಿಲ್ಲ.

ಡಾಕ್ಟರು ಕೈಯನ್ನು ಎಲ್ಲ ದಿಕ್ಕಿಗೂ ತಿರುಗಿಸಿ ನೋಡಿದರು. ಔಷಧ ಮಾಂಸಖಂಡಕ್ಕೆ ಹೋಗುವ ಬದಲು ಭುಜದ ಗೂಡಿಗೆ ಹೋಗಿದೆ, ಬಾವು ಬಂದು ಕೀಲು ಹಿಡಿದಿದೆ ಎಂದರು. ಅಪರೂಪಕ್ಕೆ ಹೀಗಾಗುತ್ತದಂತೆ. ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಕಲಿಸಿದರು. ಗೋಡೆಯ ಮುಂದೆ ನಿಂತು ಹಲ್ಲಿಯ ಹಾಗೆ ಬೆರಳು ಸರಿಸುತ್ತ ಅತ್ತದ್ದೆಷ್ಟೋ. ಅತ್ತೆ ಹಿಂದೆ ನಿಂತು "ಹತ್ತು, ಹತ್ತು, ಇನ್ನೊಂದೀಟು ಹತ್ತು" ಎಂದು ಎತ್ತು ಹೊಡೆದಂತೆ ಹುರಿದುಂಬಿಸುವರು.

ಕೇಸಿನ ಮಾತು ತಂದವರು ನಮ್ಮನೆಯವರ ಸೋದರಮಾವ ಶಂಕ್ರಪ್ಪ. ಕೊಪ್ಪಳದಲ್ಲಿ ವಕೀಲರು. ಸಂಬಳವಿಲ್ಲದ ರಜೆಯ ಮೇಲೆ ನಾನಿದ್ದೆ, ಕೈ ಎಂದು ಸರಿಹೋಗುತ್ತದೋ ಗೊತ್ತಿರಲಿಲ್ಲ. "ಸರಕಾರದ ಸೂಜಿ, ಸರಕಾರದ ನರ್ಸು. ಪರಿಹಾರ ಕೇಳೋದು ನಿನ್ನ ಹಕ್ಕು" ಎಂದರು. ಅತ್ತೆ ಒಳಗಿನಿಂದಲೇ "ಕೋರ್ಟಿನ್ಯಾಗ ಗೆದ್ದಾಂವ ಸೋತ, ಸೋತಾಂವ ಸತ್ತ" ಎಂದು ಗಾದೆ ಎಸೆದರು. ನಾನು ಕಾಗದಕ್ಕೆ ಸಹಿ ಮಾಡಿದೆ. ಕೇಳುವುದು ತಪ್ಪು ಎಂದು ಅಂದೂ ಅನಿಸಿರಲಿಲ್ಲ, ಇಂದೂ ಅನಿಸುವುದಿಲ್ಲ. ಸರಕಾರದ ಅನ್ನ ಉಂಡು ಸರಕಾರದ ಮೇಲೇ ದಾವೆಯೇ ಎಂದು ನಮ್ಮ ಹೆಡ್ ಮಾಸ್ತರರು ಕೇಳಿದಾಗ ಮಾತ್ರ ತಲೆ ತಗ್ಗಿಸಿದೆ.

ನನಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ದಾವೆಯಲ್ಲಿ ಸರಕಾರದ ಜೊತೆ ಕಮಲಾಬಾಯಿಯವರ ಹೆಸರನ್ನೂ ಮಾವ ಸೇರಿಸಿದ್ದರು. ನಿಷ್ಕಾಳಜಿಯಿಂದ ತಪ್ಪು ಜಾಗಕ್ಕೆ ಸೂಜಿ ಹಾಕಿದ್ದಾರೆ ಎಂದು ಬರೆದಿದ್ದರು. ನಾನು ಓದದೆ ಸಹಿ ಮಾಡಿದ್ದೆ. ಮಕ್ಕಳಿಗೆ ದಿನಾ ಓದಿ ಬರೆಯಿರಿ ಎನ್ನುವ ಅಕ್ಕೋರು!

ಸಮನ್ಸು ಬಂದ ಮೇಲೆ ಕಮಲಾಬಾಯಿ ಮನೆಗೆ ಬಂದರು. ಚೀಲ ಕೆಳಗಿಡಲಿಲ್ಲ, ಕೂರಲೂ ಇಲ್ಲ.

"ಅಕ್ಕೋರ, ನೀವು ಇಳಸ್ಲಿಲ್ಲ ಅಂತ ನಾ ಹಾಕಬಾರದಾಗಿತ್ತು. ಅದು ನನ್ನ ತಪ್ಪು, ನಾ ಒಪ್ಪತೀನಿ. ಆದ್ರ ಒಂದ್ ಮಾತು ನನಗ ಹೇಳಿ ಕೋರ್ಟಿಗೆ ಹೋಗಬಾರದಾಗಿತ್ತೇನ್ರಿ?"

ಚಹಾ ಕುಡಿರಿ ಎಂದೆ. ಒಲ್ಲೆ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತಲ್ಲ ಎಂದು ಅತ್ತೆ ನನ್ನತ್ತ ನೋಡಿ ಗೊಣಗಿದರು. ಕಮಲಾಬಾಯಿ ಹೊಸ್ತಿಲು ದಾಟುವ ಮುಂಚೆ ತಿರುಗಿ, "ನನ್ನ ಮಾತು ಬಿಡ್ರಿ. ಬಾಜೂಮನಿ ರೇಣವ್ವ ಬಸುರಿ ಅದಾಳ, ಸೂಜಿ ಒಲ್ಲೆ ಅಂತಾಳ. ಊರಾಗ ಒಬ್ಬರೂ ಹಾಕಿಸ್ಕೊಳ್ಳವಲ್ರು. ನೀವರೆ ಅಕಿಗೆ ಹೇಳ್ರಿ" ಎಂದರು.

ಕೆಲವು ದಿನಗಳ ನಂತರ ಕೊಪ್ಪಳದಲ್ಲಿ ಕೇಸಿನ ಪೇಶಿ, ಅಂದರೆ ವಿಚಾರಣೆ, ಇತ್ತು. ಹೋಗಿ, ಮುಂದಿನ ತಾರೀಖು ಹೇಳಿಸಿಕೊಂಡು ಬಂದವಳು ಸಂಜೆ ರೇಣವ್ವನ ಮನೆಗೆ ಹೋದೆ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸೂಜಿ ಹಾಕಿಸಿಕೋ, ಕೂಸಿಗೆ ಒಳ್ಳೆಯದು, ನನಗಾದದ್ದು ಅಪರೂಪಕ್ಕೆ ಆಗುವಂಥದ್ದು ಎಂದು ನನಗೆ ತಿಳಿದಂತೆ ಹೇಳಿದೆ. ಅವಳು ಬಡಿಯುವುದನ್ನು ನಿಲ್ಲಿಸಿ ನನ್ನ ಕೈಯನ್ನೇ ನೋಡಿದಳು.

"ಅಕ್ಕೋರ, ಮುಂಜಾನೆ ಕೋರ್ಟಿಗೆ ಹೋಗಿ ಸೂಜಿ ನನ್ನ ಕೈ ತಿಂತು ಅಂತೀರಿ. ಸಂಜಿಕ ನನ್ನ ಮನಿಗೆ ಬಂದು ಸೂಜಿ ಛಲೋ ಅಂತೀರಿ. ಇದರಾಗ ಯಾವುದು ಖರೆ?"

ಎರಡೂ ಖರೆ ಎಂದು ಹೇಳಬೇಕಿತ್ತು. ಅಷ್ಟು ಸಣ್ಣ ಉತ್ತರ ನನಗೆ ಹೊಳೆಯಲಿಲ್ಲ. "ಹೋಗ್ಲಿ ಬಿಡ್ರಿ. ನಮ್ಮವ್ವ ಯಾವ ಸೂಜಿ ಹಾಕಿಸ್ಕೊಂಡಿದ್ದಳು? ನಾವು ಹುಟ್ಟಲಿಲ್ಲೇನು?" ಎಂದು ನಕ್ಕು, ಬಿಸಿ ರೊಟ್ಟಿ ಕಟ್ಟಿಕೊಟ್ಟಳು. ಮಾರನೆಯ ದಿನ ಎಂದಿನಂತೆ ಬಂದು ಹೆರಳು ಹಾಕಿದಳು.

ರೇಣವ್ವನಿಗೆ ಮನೆಯಲ್ಲೇ ಹೆರಿಗೆಯಾಯಿತು. ಗಂಡುಕೂಸು. ಓಣಿಗೆಲ್ಲ ಸಕ್ಕರೆ ಹಂಚಿದರು. ವಾರವಾಗುವ ಹೊತ್ತಿಗೆ ಕೂಸು ಮೊಲೆ ಹಿಡಿಯುವುದನ್ನು ಬಿಟ್ಟಿತು, ಬಾಯಿ ಬಿಗಿಯಿತು, ಎತ್ತಿಕೊಂಡರೆ ಸೆಟೆಯತೊಡಗಿತು. ಟ್ರ್ಯಾಕ್ಟರಿನಲ್ಲಿ ಕೊಪ್ಪಳದ ದವಾಖಾನೆಗೆ ಹೊರಟರು. ಗಾಲಿಯ ಸದ್ದು ಊರ ಹೊರಗೆ ಹೋಗುವವರೆಗೂ ನಾನು ನನ್ನ ಮಗಳನ್ನು ಎಡತೊಡೆಯ ಮೇಲೆ ಒತ್ತಿ ಹಿಡಿದು ಕೂತಿದ್ದೆ. ಸಂಜೆಯೊಳಗೆ ಅವರು ತಿರುಗಿ ಬಂದರು. ಕೂಸು ಧನುರ್ವಾಯುವಿನಿಂದ ದಾರಿಯಲ್ಲೇ ತೀರಿಕೊಂಡಿತ್ತು.

ನನ್ನ ಮಗಳೂ ಅದೇ ಊರಲ್ಲಿ, ಅದೇ ಸೂಲಗಿತ್ತಿಯ ಕೈಯಲ್ಲಿ, ಅಂಥದೇ ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ಯಿಸಿಕೊಂಡು ಹುಟ್ಟಿದವಳು. ಅವಳು ತೊಟ್ಟಿಲಲ್ಲಿ ಕಾಲು ಬಡಿಯುತ್ತಿದ್ದಳು. ನನ್ನ ಭುಜ ಕೆಡಿಸಿದ ಸೂಜಿಯೇ ಅವಳನ್ನು ಉಳಿಸಿತ್ತು. ನನ್ನ ಭುಜ ನೋಡಿಯೇ ರೇಣವ್ವ ಆ ಸೂಜಿ ಬೇಡವೆಂದಿದ್ದಳು. ಈ ಲೆಕ್ಕವನ್ನು ಯಾವ ಕಡೆಯಿಂದ ಮಾಡಿದರೂ ಕೊನೆಗೆ ನನ್ನ ಹತ್ತಿರವೇ ಬಂದು ನಿಲ್ಲುತ್ತಿತ್ತು. ನಿನ್ನ ತಪ್ಪೇನಿದೆ ಎಂದು ನಮ್ಮನೆಯವರು ಹೇಳಿದರು, ಅತ್ತೆ ಹೇಳಿದರು. ತಪ್ಪಿಲ್ಲ ಎಂದು ನನಗೂ ಗೊತ್ತಿತ್ತು. ಆದರೂ ರೇಣವ್ವನ ಮನೆಯವರು ಬಾಗಿಲಿಗೆ ಬಂದು ನಾಲ್ಕು ಮಾತು ಬೈದಾರು ಎಂದು ಕಾದೆ. ಯಾರೂ ಬರಲಿಲ್ಲ. ಆಮೇಲೊಂದು ಮುಂಜಾನೆ ರೇಣವ್ವನೇ ಬಂದಳು, ಕೈಯಲ್ಲಿ ಎಣ್ಣೆಯ ಬಟ್ಟಲು. "ತಲಿ ಎಷ್ಟು ಸಿಕ್ಕಾಗೈತಿ ನೋಡ್ರಿ" ಎಂದು ಹಿಂದೆ ಕೂತಳು. ಎದೆಹಾಲು ಸೋರಿ ಅವಳ ಕುಪ್ಪಸ ಒದ್ದೆಯಾಗಿತ್ತು.

ನನ್ನ ಸಾಕ್ಷಿಯ ದಿನ ಬಂತು. ಕೋರ್ಟಿನ ಅಂಗಳದಲ್ಲಿ ಶಂಕ್ರಪ್ಪ ಮಾವ ಪಾಠ ಹೇಳಿದರು. "ಕೇಳಿದಷ್ಟಕ್ಕ ಉತ್ತರ ಕೊಡು. ಕುಪ್ಪಸದ ಮಾತು ತೆಗೀಬ್ಯಾಡ. ತೆಗೆದ್ರ ಕೇಸು ನೀರಾಗ ಹೋಮ ಮಾಡಿದಂಗ." ನಾನು ತಲೆಯಾಡಿಸಿದೆ. ಒಳಗೆ ಕಮಲಾಬಾಯಿ ಬಿಳಿ ಸೀರೆ ಉಟ್ಟು ಗೋಡೆಗೆ ಆತು ನಿಂತಿದ್ದರು. ಕೈಯಲ್ಲಿ ಚೀಲವಿಲ್ಲದೆ ಅವರನ್ನು ಅದೇ ಮೊದಲು ನೋಡಿದ್ದು.

ಕಟಕಟೆಯಲ್ಲಿ ಪ್ರಮಾಣ ಮಾಡಲು ಬಲಗೈ ಎತ್ತಲು ಹೋಗಿ ಅರ್ಧಕ್ಕೇ ನಿಂತೆ. "ಇರಲಿ ಬಿಡ್ರಿ" ಎಂದರು ಮುನ್ಸೀಫರು. ಸರಕಾರಿ ವಕೀಲರು ಎದ್ದರು.

"ನರ್ಸಬಾಯಿ ಬೇಕಂತ ತಪ್ಪು ಜಾಗಕ್ಕ ಸೂಜಿ ಹಾಕಿದ್ರೇನು?"

"ಇಲ್ರಿ. ಇನ್ನೂ ಕೆಳಗ ಬೇಕು ಅಂದ್ರು. ನಾನ ಒಲ್ಲೆ ಅಂದೆ."

ಶಂಕ್ರಪ್ಪ ಮಾವ ಹಣೆಯ ಮೇಲೆ ಕೈಯಿಟ್ಟುಕೊಂಡರು.

"ಸಾಲಿ ಕಲಿಸೋ ಅಕ್ಕೋರು ನೀವು. ಯಾಕ ಒಲ್ಲೆ ಅಂದ್ರಿ?"

"ಕುಪ್ಪಸದ ಗಂಟು ಬಿಚ್ಚಬೇಕಾಗಿತ್ರಿ. ಕಟ್ಟಿ ಮ್ಯಾಲ ಗಂಡಸರು ಕುಂತಿದ್ರು. ಪರದೆ ಇರಲಿಲ್ಲ."

ಅಲ್ಲಿಯವರೆಗೆ ಬರೆದುಕೊಳ್ಳುತ್ತಿದ್ದ ಮುನ್ಸೀಫರು ತಲೆಯೆತ್ತಿದರು. "ಹೆಣ್ಣುಮಕ್ಕಳಿಗೆ ಸೂಜಿ ಹಾಕೋ ಜಾಗದಾಗ ಪರದೆ ಕೊಡೋದು ಯಾರ ಕೆಲಸ?" ಎಂದು ಸರಕಾರಿ ವಕೀಲರನ್ನೇ ಕೇಳಿದರು. ಅವರು ಕಾಗದ ತಿರುವಿದರು, ಕಮಲಾಬಾಯಿಯನ್ನು ನೋಡಿದರು. "ನನಗ ಚೀಲ ಒಂದ ಕೊಟ್ಟಾರ್ರಿ, ಸಾಹೇಬ್ರ" ಎಂದರು ಕಮಲಾಬಾಯಿ, ನಿಂತಲ್ಲಿಂದಲೇ.

ಇಳಿಯಿರಿ ಎಂದರೂ ನಾನು ಕಟಕಟೆಯಿಂದ ಇಳಿಯಲಿಲ್ಲ. "ಇನ್ನೊಂದ್ ಮಾತು ಐತ್ರಿ. ಸೂಜಿ ಕೆಟ್ಟದ್ದಂತ ನಾ ಹೇಳಾಕ ಬಂದಿಲ್ಲ. ಆ ಸೂಜಿ ನನ್ನ ಮಗಳನ್ನ ಉಳಿಸೈತಿ, ನನ್ನ ಭುಜಾನೂ ಕೆಡಿಸೈತಿ. ಎರಡೂ ಖರೆ ಅದಾವ. ಎರಡೂ ಬರ್ಕೊಳ್ರಿ." ಹೇಳಿ ಮುಗಿಯುವ ಮುಂಚೆ ಅಳು ಬಂತು. ಇದನ್ನು ಕೇಳಬೇಕಾಗಿದ್ದ ರೇಣವ್ವ ಅಲ್ಲಿರಲಿಲ್ಲ. ಅವಳು ಕೇಳಿದಾಗ ಈ ಮಾತು ಬಂದಿರಲಿಲ್ಲ.

ತೀರ್ಪು ಬರುವ ಹೊತ್ತಿಗೆ ಮಗಳು ಓಡಾಡುತ್ತಿದ್ದಳು. ಕಮಲಾಬಾಯಿಯವರನ್ನು ದಾವೆಯಿಂದ ಕೈಬಿಟ್ಟಿದ್ದರು. ವ್ಯವಸ್ಥೆ ಮಾಡದೆ ಕೆಲಸ ಮಾಡಿಸಿದ್ದು ಸರಕಾರದ ತಪ್ಪೆಂದು ಪರಿಹಾರ ಕೊಡಿಸಿದ್ದರು. ನಾನೂ ಒಪ್ಪಿ ಚುಚ್ಚಿಸಿಕೊಂಡವಳೆಂದು ಕೇಳಿದ್ದಕ್ಕಿಂತ ಕಡಿಮೆ. ಸರಕಾರ ಮೇಲಿನ ಕೋರ್ಟಿಗೆ ಹೋಗಲಿಲ್ಲ. ಬಹುಶಃ ಮರೆತಿರಬೇಕು. ಶಂಕ್ರಪ್ಪ ಮಾವ ಮಾತ್ರ ಈ ಗೆಲುವು ತಮ್ಮ ವಾದದ್ದೇ ಎಂದು ಇಂದಿಗೂ ಹೇಳಿಕೊಂಡು ತಿರುಗುತ್ತಾರೆ. ಆ ಪರಿಹಾರ ಹುಬ್ಬಳ್ಳಿಯ ಚಿಕಿತ್ಸೆಗೆ ಹೋಯಿತು. ಅದರಿಂದಲೇ ಕೈ ಕಿವಿಯವರೆಗೆ ಬಂದದ್ದು, ಸುಳ್ಳೇಕೆ ಹೇಳಲಿ. ಆದರೂ ಅದನ್ನು ಕೈಯಲ್ಲಿ ಹಿಡಿದ ದಿನ ರೇಣವ್ವನ ಮನೆಯ ಮುಂದಿನಿಂದ ಹಾಯಲಾಗದೆ ಹಿತ್ತಲ ದಾರಿಯಿಂದ ಮನೆ ಸೇರಿದೆ.

ರೇಣವ್ವ ಮತ್ತೆ ಬಸುರಿಯಾದಳು. ಕಮಲಾಬಾಯಿ ಬರುವ ದಿನ ನಾನು ಅವಳಿಗೆ ಏನೂ ಹೇಳಲು ಹೋಗಲಿಲ್ಲ, ಹೇಳುವ ಮುಖ ಇರಲಿಲ್ಲ. ಶಾಲೆಯ ಕಟ್ಟೆಯ ಕಂಬಗಳಿಗೆ ಕಮಲಾಬಾಯಿ ತಮ್ಮದೇ ಹಳೆಯ ಸೀರೆ ಕಟ್ಟಿ ಮರೆ ಮಾಡಿದ್ದರು. ಕೂತಿದ್ದ ಗಂಡಸರನ್ನು "ಏಳ್ರಿ, ಗುಡಿ ಕಡೆ ನಡೀರಿ" ಎಂದು ಎಬ್ಬಿಸಿ ಕಳಿಸಿದ್ದರು. ನನ್ನನ್ನು ಕಂಡು ಚೀಲದೊಳಗೆ ಏನೋ ಹುಡುಕುವವರಂತೆ ಬಗ್ಗಿದರು. ನಾವಿಬ್ಬರೂ ಮೊದಲಿನ ಹಾಗೆ ಮಾತಾಡಿಕೊಳ್ಳಲು ಇನ್ನೂ ಬಹಳ ದಿನ ಹಿಡಿಯಿತು.

ಅಂದು ನಾನು ತರಗತಿಯಲ್ಲಿ ಮಗ್ಗಿ ಹೇಳಿಸುತ್ತಿದ್ದೆ. ಹೊರಗಿನಿಂದ "ಅಕ್ಕೋರ" ಎಂದು ಕೂಗು ಬಂತು. ರೇಣವ್ವನ ದನಿ. ಹೋಗಿ ಸೀರೆ ಸರಿಸಿ ನೋಡಿದೆ. ಅವಳು ಕುಪ್ಪಸ ಬಿಚ್ಚಿ, ಎಡತೋಳು ಪೂರ್ತಿ ಹೊರಗೆ ತೆಗೆದು, ಸೆರಗಿನಿಂದ ಎದೆ ಮುಚ್ಚಿಕೊಂಡು ಕೂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

"ಅಂಜಿಕಿ ಬರಾಕ ಹತ್ತೈತ್ರಿ. ಕೈ ಕೊಡ್ರಿ."

ಎಡಗೈ ಚಾಚಿದೆ.

"ಅದು ಬ್ಯಾಡ್ರಿ. ಆ ಕೈ ಕೊಡ್ರಿ."

ಬಲಗೈ ಕೊಟ್ಟೆ. ಎರಡೂ ಕಣ್ಣು ಮುಚ್ಚಿ, ಹೆರುವಾಗ ಹಗ್ಗ ಹಿಡಿದಂತೆ ಅದನ್ನು ಹಿಡಿದು ಜಗ್ಗಿದಳು. ಭುಜದೊಳಗಿನ ನೋವು ಕುತ್ತಿಗೆಗೆ, ತಲೆಗೆ ಏರಿತು. ಕಮಲಾಬಾಯಿ ಸೂಜಿ ಹೊರಗೆ ತೆಗೆದು, ಹತ್ತಿ ಒತ್ತಿ, "ಆತವಾ, ಮುಗೀತು" ಎಂದರು. ಆಮೇಲೂ ಅವಳು ನನ್ನ ಕೈ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.